ಬಚ್ಚಲ ನೀರಿನ ಲೆಕ್ಕ



ನಮ್ಮ ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಹದಿನೈದು ನಿಮಿಷ ಮಾತನಾಡುವ ಅವಕಾಶ ನನಗೆ ಸಿಕ್ಕಿತ್ತು. ಸಮಯದ ಅಭಾವದಿಂದ ಅಲ್ಲಿ ಬಿಟ್ಟುಹೋದ ಲೆಕ್ಕಗಳನ್ನೂ ಸೇರಿಸಿ, ಸಂಪಾದಕರ ಅಪ್ಪಣೆಯಂತೆ ಇಲ್ಲಿ ಬರೆದುಕೊಟ್ಟಿದ್ದೇನೆ. ಉರ್ದು, ಕನ್ನಡ ಕಲಿಸುವ ನೀವು ಗಟಾರದ ವಿಷಯವನ್ನು ಏಕೆ ಆರಿಸಿಕೊಂಡಿರಿ ಎಂದು ಸಭೆಯಲ್ಲಿ ಹಿರಿಯರೊಬ್ಬರು ನಗುತ್ತಲೇ ಕೇಳಿದರು. ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಒಂದು ದಿನ ಏಳನೆಯ ತರಗತಿಯಲ್ಲಿ ಪದಸಂಪತ್ತಿನ ಪಾಠ. 'ಬಳಸಿದ ನೀರಿಗೆ ನಿಮ್ಮ ಮನೆಯಲ್ಲಿ ಏನೇನು ಹೆಸರಿವೆ, ಎರಡೂ ಭಾಷೆಯಲ್ಲಿ ಬರೆಯಿರಿ' ಎಂದು ಮಕ್ಕಳಿಗೆ ಹೇಳಿದೆ. ಅಕ್ಕಿ ತೊಳೆದದ್ದು ಅಕ್ಕಚ್ಚು, ಅದು ಎಮ್ಮೆಗೆ. ಸ್ನಾನದ್ದು ಬಚ್ಚಲ ನೀರು, ಅದು ಹಿತ್ತಲ ಬಾಳೆಗೆ, ಕರಿಬೇವಿಗೆ. ದಖನಿ ಮಾತಿನ ಮನೆಗಳಲ್ಲಿ ಮೋರಿ ಕಾ ಪಾನಿ ಬೇರೆ, ವುಜೂ ಕಾ ಪಾನಿ ಬೇರೆ. ಪಟ್ಟಿ ಬೆಳೆಯಿತು. ಆಮೇಲೆ, 'ಈಗ ಇವೆಲ್ಲ ಎಲ್ಲಿಗೆ ಹೋಗುತ್ತವೆ?' ಎಂದು ಕೇಳಿದೆ. ಇಡೀ ತರಗತಿ ಒಂದೇ ದನಿಯಲ್ಲಿ, 'ಗಟಾರಕ್ಕ ಸರ್' ಎಂದಿತು. ನಮ್ಮ ಅಜ್ಜಿಯರು ಪ್ರತಿಯೊಂದು ನೀರಿಗೂ ಒಂದು ಹೆಸರು, ಒಂದು ದಾರಿ ಇಟ್ಟಿದ್ದರು. ನಾವು ಎಲ್ಲವನ್ನೂ ಒಂದೇ ಕಡೆ ಸುರಿದು ಒಂದೇ ಹೆಸರು ಕೊಟ್ಟಿದ್ದೇವೆ.

ಎರಡನೆಯ ಕಾರಣ ಒಂದು ಮಾತ್ರೆ. 2015ರಿಂದ ದೇಶದ ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಫೆಬ್ರುವರಿ 10ರಂದು ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಟ್ಟು, ಕಣ್ಣೆದುರೇ ಅಗಿದು ನುಂಗಿಸುವ ಕೆಲಸ ಶಿಕ್ಷಕರದು. ಒಮ್ಮೆ ಹಾಗೆ ಮಾತ್ರೆ ಕೊಟ್ಟು ಸಂಜೆ ಗಬ್ಬೂರ ಮಾರ್ಗವಾಗಿ ಮನೆಗೆ ಹೊರಟಿದ್ದೆ. ನಾಲಾದ ಪಕ್ಕದ ತರಕಾರಿ ಮಡಿಯಲ್ಲಿ ಬರಿಗಾಲಲ್ಲಿ ನಿಂತು ಇಬ್ಬರು ಮಕ್ಕಳು ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. ಬೆಳಿಗ್ಗೆ ಅವರ ಶಾಲೆಯಲ್ಲೂ ಮಾತ್ರೆ ಕೊಟ್ಟಿರಬೇಕು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದ ಮೂಲಕವೇ ದೇಹ ಸೇರುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ನಾವು ಬೆಳಿಗ್ಗೆ ಹೊರಗೆ ಕಳಿಸಿದ್ದನ್ನು ನಾಲಾ ಸಂಜೆ ಮತ್ತೆ ಒಳಗೆ ಕಳಿಸುತ್ತಿದೆ ಎಂದು ಅಂದು ಅನಿಸಿತು. ತರಗತಿಯಲ್ಲಿ ತೂಕಡಿಸುವ ಮಗುವನ್ನು ನಾನು ಸೋಮಾರಿ ಎಂದು ಎಷ್ಟು ಸಲ ಬೈದಿದ್ದೇನೋ. ರಕ್ತಹೀನತೆ ಬಿಎಡ್ ಪಠ್ಯದಲ್ಲಿ ಒಂದು ಸಾಲಿನ ವಿಷಯವಾಗಿತ್ತು.

ಗಬ್ಬೂರ ಹುಬ್ಬಳ್ಳಿಯ ದಕ್ಷಿಣ ಅಂಚಿನ ಊರು. ಉಣಕಲ್ ಕೆರೆಯಿಂದ ಹೊರಡುವ ನಾಲಾ ಪಟ್ಟಣದ ನಡುವೆ ಹಾದು, ಮನೆ, ಹೋಟೆಲು, ಆಸ್ಪತ್ರೆ, ಕಾರ್ಖಾನೆ ಎಲ್ಲರದ್ದನ್ನೂ ಹೊತ್ತುಕೊಂಡು ಗಬ್ಬೂರ ಕಡೆಗೆ ಬರುತ್ತದೆ. ಈ ನೀರಿನ ಬೇಸಾಯವನ್ನು ಬ್ರಾಡ್‌ಫೋರ್ಡ್, ಬ್ರೂಕ್ ಎಂಬ ಇಬ್ಬರು ವಿದೇಶಿ ಸಂಶೋಧಕರು ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹುಣಶಾಳ ಅವರು ಸೇರಿ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಅವಳಿ ನಗರದಿಂದ ಆಗ ದಿನಕ್ಕೆ ಸುಮಾರು 6 ಕೋಟಿ ಲೀಟರ್ ಕೊಳಚೆ ನೀರು ಶುದ್ಧಿಯಾಗದೆ ಹೊರಬೀಳುತ್ತಿತ್ತು. ಊರಿಗೆ ಹತ್ತಿರದ ಹೊಲಗಳಲ್ಲಿ ಆ ನೀರಿಗೆ ತರಕಾರಿ, ದೂರ ಹೋದಂತೆ ಹೊಲದ ಪೈರು ಮತ್ತು ತೋಟದ ಮರ. ಜಗತ್ತಿನ ವಿದ್ವಾಂಸರು ಓದುವ ಪತ್ರಿಕೆಯಲ್ಲಿ ನಮ್ಮೂರಿನ ಹೆಸರು ಬಂದದ್ದು ಗಟಾರದ ಕಾರಣಕ್ಕೆ ಎಂದು ಬೇಸರವಾಗುತ್ತದೆ. ಆದರೂ ಆ ಲೇಖನ ರೈತರನ್ನು ದೂರಿಲ್ಲ, ನಾನೂ ದೂರುವುದಿಲ್ಲ.

ರೈತನ ಕಡೆಯಿಂದ ನೋಡಿ. ಮಳೆ ಕೈಕೊಟ್ಟರೂ ನಾಲಾ ಕೈಕೊಡುವುದಿಲ್ಲ. ಬೇಸಿಗೆಯಲ್ಲಿ ಬೇರೆಯವರ ಹೊಲ ಒಣಗಿ ಮಾರುಕಟ್ಟೆಯಲ್ಲಿ ಸೊಪ್ಪಿನ ಬೆಲೆ ಏರಿದಾಗ ಇವನ ಮಡಿ ಹಸಿರಾಗಿರುತ್ತದೆ. ನೀರಿನಲ್ಲೇ ಸಾರಜನಕ, ರಂಜಕ ಇರುವುದರಿಂದ ಗೊಬ್ಬರದ ಖರ್ಚು ಕಡಿಮೆ. ಇಂಥ ನೀರನ್ನು ಬಿಡು ಎಂದು ಯಾವ ಬಾಯಿಂದ ಹೇಳುವುದು? ಆದರೆ ಅದೇ ಅಧ್ಯಯನ ಇನ್ನೊಂದು ಮಗ್ಗುಲನ್ನೂ ದಾಖಲಿಸಿದೆ. ಕಳೆ ಹೆಚ್ಚು, ಕೀಟ ಹೆಚ್ಚು, ಅದಕ್ಕಾಗಿ ರಕ್ಷಣೆಯಿಲ್ಲದೆ ಪದೇ ಪದೇ ಔಷಧಿ ಸಿಂಪಡಣೆ. ಆಸ್ಪತ್ರೆಯ ಸೂಜಿ, ಸಿರಿಂಜುಗಳೂ ನೀರಿನೊಂದಿಗೆ ಹೊಲಕ್ಕೆ ಬರುತ್ತವೆ, ಕೆಲಸ ಮಾಡುವವರ ಕಾಲು ಅವುಗಳ ಮೇಲೆ ಬೀಳುತ್ತದೆ.

ಗಬ್ಬೂರಿನಲ್ಲಿ ಆಮೇಲೆ ನಗರದ ಶುದ್ಧೀಕರಣ ಘಟಕ ಬಂದಿದೆ. ಕೋಟಿ ಲೀಟರುಗಳ ಕೆಲಸ ಪಾಲಿಕೆಯದು, ಸರ್ಕಾರದ್ದು. ಅಲ್ಲಿ ನಮ್ಮ ನಿಮ್ಮ ಕೈ ಸಾಗದು. ಹೊಲದಲ್ಲಿ ಮಾತ್ರ ಒಂದಿಷ್ಟು ಸಾಗುತ್ತದೆ. ಕೊಯ್ಲಿಗೆ ಎರಡು ಮೂರು ದಿನ ಮೊದಲು ನೀರು ನಿಲ್ಲಿಸಿದರೆ ಬಿಸಿಲಿಗೆ ಎಲೆಯ ಮೇಲಿನ ರೋಗಾಣು ಬಹುಪಾಲು ಸಾಯುತ್ತವೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ ಬಿಟ್ಟು ಬೇಯಿಸಿ ತಿನ್ನುವುದನ್ನು, ನೆಲದಿಂದ ಎತ್ತರದಲ್ಲಿ ಫಲ ಬಿಡುವುದನ್ನು ಬೆಳೆದರೆ ಅಪಾಯ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2006ರ ಮಾರ್ಗಸೂಚಿಯಲ್ಲಿ ಹೀಗೆ ಒಂದರ ಹಿಂದೆ ಒಂದು ಬೇಲಿ ಹಾಕುವ ದಾರಿಯನ್ನೇ ಹೇಳಿತು. ಹೊಲಕ್ಕೆ ಬಿಡುವ ಒಂದು ಲೀಟರ್ ನೀರಿನಲ್ಲಿ ಹುಳುವಿನ ಒಂದು ಮೊಟ್ಟೆಗಿಂತ ಹೆಚ್ಚು ಇರಬಾರದು, ಹದಿನೈದು ವರ್ಷದೊಳಗಿನ ಮಕ್ಕಳು ಆ ಹೊಲದಲ್ಲಿ ಓಡಾಡುವುದಾದರೆ ಹತ್ತು ಲೀಟರಿಗೆ ಒಂದು ಎಂದೂ ಅದರಲ್ಲಿದೆ. ಮಕ್ಕಳ ಲೆಕ್ಕವನ್ನು ಬೇರೆ ಇಟ್ಟದ್ದು ನನ್ನ ಮನಸ್ಸಿಗೆ ನಾಟಿತು.

ಇನ್ನು ಹಳ್ಳಿಯ ಮಾತು. ದೊಡ್ಡ ನಾಲಾ ಒಂದೇ ದಿನದಲ್ಲಿ ದೊಡ್ಡದಾಗಿಲ್ಲ. ನಿಮ್ಮ ಊರಿನ ಗಟಾರವನ್ನು ಕೊನೆಯ ತನಕ ನಡೆದು ನೋಡಿ. ಒಂದು ಸಣ್ಣ ಗಬ್ಬೂರ ನಾಲಾ ಅಲ್ಲಿ ಆಗಲೇ ತಯಾರಾಗಿರುತ್ತದೆ. ಅದು ಯಾರ ಮನೆಯ ಮುಂದೆ ಮುಗಿಯುತ್ತದೆ ಎಂಬುದನ್ನೂ ನೋಡಿ. ತಗ್ಗಿನಲ್ಲಿ ಮನೆ ಕಟ್ಟಿಕೊಂಡವರು ಸಾಮಾನ್ಯವಾಗಿ ಬಡವರೇ. ಮೇಲಿನ ಓಣಿಯವರ ಸಾಬೂನು ನೊರೆ ಅವರ ಹೊಸ್ತಿಲಲ್ಲಿ ನಿಲ್ಲುತ್ತದೆ, ಕ್ಯೂಲೆಕ್ಸ್ ಸೊಳ್ಳೆ ಅದರಲ್ಲೇ ಮೊಟ್ಟೆ ಇಡುತ್ತದೆ. ಸಭೆಯಲ್ಲಿ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದು: ನೀರು ಹುಟ್ಟಿದಲ್ಲೇ, ಒಂದರೊಳಗೊಂದು ಬೆರೆಯುವ ಮೊದಲೇ ಹಿಡಿದರೆ, ಕೆಲಸ ಒಂದು ಶಾಲೆಯ ಕೈಲೂ ಆಗುತ್ತದೆ. ಬೆರೆತ ಮೇಲೆ ಕೋಟಿಗಟ್ಟಲೆ ರೂಪಾಯಿಯ ಘಟಕವೇ ಬೇಕು.

ಈಗ ಲೆಕ್ಕ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ನಿನ ಗುರಿ ತಲೆಗೆ ದಿನಕ್ಕೆ 55 ಲೀಟರ್ ನಲ್ಲಿ ನೀರು. ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು, ಅಂದರೆ ಸುಮಾರು 180 ಲೀಟರ್, ಸ್ನಾನ, ಬಟ್ಟೆ, ಪಾತ್ರೆಯ ನೀರಾಗಿ ಹೊರಗೆ ಬರುತ್ತದೆ. ನಲ್ಲಿ ಮನೆಗೆ ಬಂತೆಂದು ನಾವೆಲ್ಲ ಸಂತೋಷಪಟ್ಟೆವು, ಸರಿಯೇ. ಕೊಡ ಹೊತ್ತು ತರುತ್ತಿದ್ದಾಗ ಇಲ್ಲದ ಗಟಾರ ಈಗ ಏಕೆ ತುಂಬಿ ಹರಿಯುತ್ತದೆ ಎಂಬುದಕ್ಕೆ ಉತ್ತರವೂ ಆ ನಲ್ಲಿಯಲ್ಲೇ ಇದೆ.

ಇದಕ್ಕೆ ಸರ್ಕಾರ ತೋರಿಸಿದ ದಾರಿ ಬಚ್ಚಲು ಗುಂಡಿ. 2020-21ರ ಸುಮಾರಿಗೆ ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದ ಹಳ್ಳಿಗಳಲ್ಲಿ ಇಂಥ ಗುಂಡಿಗಳನ್ನು ತೋಡಿಸಲಾಯಿತು. ಗುಂಡಿ ತೋಡಿ, ಕಲ್ಲು ತುಂಬಿ, ಬಚ್ಚಲ ನೀರು ಬಿಟ್ಟರೆ ಅದು ನೆಲಕ್ಕೆ ಇಂಗಬೇಕು. ಒಳ್ಳೆಯ ಯೋಚನೆ. ಧಾರವಾಡದ ಪಶ್ಚಿಮಕ್ಕೆ, ಕೆಂಪು ಮಣ್ಣಿನಲ್ಲಿ, ಚೆನ್ನಾಗಿ ನಡೆಯುತ್ತದೆ. ನಾನು ಆಗ ಕಲಿಸುತ್ತಿದ್ದ ಹಳ್ಳಿ ಎರೆ ನಾಡಿನದು. ಅಲ್ಲಿ ಒಂದು ಮನೆಯವರು ಗುಂಡಿ ಮಾಡಿಸಿದ ಎರಡನೆಯ ವಾರಕ್ಕೇ, 'ನೀರು ಇಂಗೂದಿಲ್ರಿ ಸರ್, ಮ್ಯಾಲೆ ಉಕ್ಕತೈತಿ' ಎಂದರು. ಊರವರು ಕೆಲಸದವರನ್ನು ದೂರಿದರು, ಕಲ್ಲು ಕಡಿಮೆ ಹಾಕಿದ್ದಾರೆ ಎಂದರು. ಕಲ್ಲಿನ ತಪ್ಪು ಅಲ್ಲಿರಲಿಲ್ಲ.

ಎರೆ ಮಣ್ಣಿನ ಗುಣ ನಮ್ಮ ರೈತರಿಗೆ ಗೊತ್ತಿರುವಷ್ಟು ಪುಸ್ತಕಕ್ಕೂ ಗೊತ್ತಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ನೀರು ಬಿದ್ದೊಡನೆ ಉಬ್ಬಿ, ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹಿಂಗಾರಿ ಜೋಳ, ಕಡಲೆ ತೇವ ಹಿಡಿದು ಬೆಳೆಯುವುದು ಇದರಿಂದಲೇ. ಅದೇ ಗುಣ ಇಂಗು ಗುಂಡಿಗೆ ಶತ್ರು. ಇಂಥ ಉಬ್ಬುವ ಜೇಡಿ ಮಣ್ಣು ಚದರ ಮೀಟರಿಗೆ ದಿನಕ್ಕೆ 10 ಲೀಟರಿಗಿಂತ ಕಡಿಮೆ ಕೊಳಚೆ ನೀರನ್ನು ಕುಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ಮರಳು ಮಿಶ್ರಿತ ಗೋಡು ಮಣ್ಣಾದರೆ 25 ಲೀಟರ್. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಯ ನಾಲ್ಕು ಗೋಡೆ ಸೇರಿ 4 ಚದರ ಮೀಟರ್. ತಳ ಕೆಸರು ಕಟ್ಟುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಂದರೆ ಎರೆಯಲ್ಲಿ ಆ ಗುಂಡಿ ದಿನಕ್ಕೆ ಕುಡಿಯುವುದು ಹೆಚ್ಚೆಂದರೆ 40 ಲೀಟರ್. ಬರುವುದು 180. ಐದನೆಯ ತರಗತಿಯ ಹುಡುಗನೂ ಕಳೆದು ನೋಡಿ ಗುಂಡಿ ಉಕ್ಕುವ ದಿನ ಹೇಳಬಲ್ಲ. ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಒಂದೇ ನಕ್ಷೆ ಬರೆದು ಎಲ್ಲ ಮಣ್ಣಿಗೂ ಕಳಿಸಿದರೆ ಆಗುವುದು ಇಷ್ಟೇ.

ಹಾಗಾದರೆ ಎರೆ ನಾಡಿನವರು ಏನು ಮಾಡಬೇಕು? ನೆಲಕ್ಕೆ ಇಂಗಿಸುವ ಹಟ ಬಿಟ್ಟು, ಗಿಡಕ್ಕೆ ಕುಡಿಸಬೇಕು. ಶಾಲೆಯಲ್ಲಿ ನಾವು ಮಾಡಿದ್ದು ಜಲ್ಲಿಯ ಒಂದು ಪಾತಿ. 180 ಮಕ್ಕಳು ಊಟದ ಮೊದಲು ಕೈ, ಊಟದ ನಂತರ ತಟ್ಟೆ ತೊಳೆದರೆ ತಲೆಗೆ ಸುಮಾರು 4 ಲೀಟರ್, ಅಡುಗೆ ಕೋಣೆಯದು ಸೇರಿ ದಿನಕ್ಕೆ 1,200 ಲೀಟರ್. ಈ ನೀರು ಜಲ್ಲಿಯೊಳಗೆ ಎರಡೂವರೆ ದಿನ ನಿಲ್ಲಬೇಕೆಂದರೆ 3,000 ಲೀಟರಿಗೆ ಜಾಗ ಬೇಕು. ಜಲ್ಲಿಯ ನಡುವಿನ ಸಂದು ನೂರಕ್ಕೆ 40 ಪಾಲು. ಆದ್ದರಿಂದ ಏಳೂವರೆ ಘನ ಮೀಟರ್ ಜಲ್ಲಿ. ನೀರಿನ ಆಳ ಅರ್ಧ ಮೀಟರ್ ಹಿಡಿದು 5 ಮೀಟರ್ ಉದ್ದ, 3 ಮೀಟರ್ ಅಗಲ. ಗಣಿತದ ಸಹೋದ್ಯೋಗಿ ಈ ಲೆಕ್ಕವನ್ನು ಹಲಗೆಯ ಮೇಲೆ ಮಕ್ಕಳಿಂದಲೇ ಮಾಡಿಸಿದರು.

ಸಿಮೆಂಟಿನ ತೊಟ್ಟಿ ಕಟ್ಟಲಿಲ್ಲ. ಎರೆ ಮಣ್ಣು ಉಬ್ಬಿ ಬಿರಿದು ಗೋಡೆಯನ್ನು ಸೀಳಿಬಿಡುತ್ತದೆ. ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೇ ಹಾಸಿದೆವು. ನೀರು ಬರುವ ಮತ್ತು ಹೋಗುವ ತುದಿಗಳಲ್ಲಿ ದಪ್ಪ ಕಲ್ಲು, ನಡುವೆ ಸಣ್ಣ ಜಲ್ಲಿ. ಆರಂಭದಿಂದ ಕೊನೆಗೆ ಒಂದು ಗೇಣಿಗೂ ಕಡಿಮೆ ಇಳಿಜಾರು. ಹೊರಗಿನ ಕೊಳವೆಯನ್ನು ಮಣಿಸಿ, ನೀರು ಯಾವಾಗಲೂ ಜಲ್ಲಿಯ ಮೇಲ್ಮೈಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲುವಂತೆ ಮಾಡಿದೆವು. ಕಣ್ಣಿಗೆ ನೀರು ಕಾಣುವುದಿಲ್ಲ, ಸೊಳ್ಳೆಗೂ ಸಿಗುವುದಿಲ್ಲ. ಜಲ್ಲಿಯಲ್ಲಿ ಕಾಬಾಳೆ ನೆಟ್ಟೆವು, ಕೆಂಪು ಹಳದಿ ಹೂ ಬಿಡುವ ಕ್ಯಾನಾ ಗಿಡ. ಶುದ್ಧ ಮಾಡುವ ಕೆಲಸ ಬಹುಪಾಲು ಜಲ್ಲಿಗೂ ಬೇರಿಗೂ ಅಂಟಿಕೊಂಡ ಕಣ್ಣಿಗೆ ಕಾಣದ ಜೀವಿಗಳದು. ಗಿಡ ತನ್ನ ಪಾಲಿನ ಸಾರ ಹೀರಿ ಬೇರಿನಿಂದ ಸಂದು ಬಿಡಿಸುತ್ತದೆ. ಹೊರಗೆ ಬಂದ ನೀರು ತಿಳಿಯಾಗಿತ್ತು, ವಾಸನೆ ಇರಲಿಲ್ಲ. ಆದರೂ ಅದು ಕುಡಿಯುವ ನೀರಲ್ಲ. ರೋಗಾಣು ಕಡಿಮೆಯಾಗಿರುತ್ತವೆ, ಇಲ್ಲವಾಗಿರುವುದಿಲ್ಲ. ಅದನ್ನು ಬಾಳೆ, ನುಗ್ಗೆ, ಕರಿಬೇವಿಗೆ ಬಿಟ್ಟೆವು, ಕೊತ್ತಂಬರಿಗೆ ಬಿಡಲಿಲ್ಲ.

ಈ ಇಡೀ ವ್ಯವಸ್ಥೆಯ ಪ್ರಾಣ ಇರುವುದು ಜಲ್ಲಿಯಲ್ಲಲ್ಲ, ಅದರ ಮುಂದಿನ ಜಿಡ್ಡಿನ ತೊಟ್ಟಿಯಲ್ಲಿ. ಅನ್ನದ ಅಗುಳು ತಳಕ್ಕೆ ಕೂರುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಅಡ್ಡ ಹಲಗೆಯ ಕೆಳಗಿನಿಂದ ಮುಂದೆ ಹೋಗುತ್ತದೆ. ವಾರಕ್ಕೊಮ್ಮೆ ಆ ಜಿಡ್ಡು ತೆಗೆಯಬೇಕು. ಮೊದಲ ವರ್ಷ ದಸರಾ ರಜೆಗೆ ಹೊರಡುವ ದಿನ ಅದನ್ನು ತೆಗೆಸುವುದನ್ನು ನಾನು ಮರೆತೆ. ರಜೆಯಲ್ಲಿ ಅದು ಕೊಳೆತು ಗಟ್ಟಿಯಾಯಿತು. ಶಾಲೆ ಶುರುವಾಗಿ ನೀರು ಬಿಟ್ಟ ಮೊದಲ ವಾರವೇ ಕೊಚ್ಚಿ ಜಲ್ಲಿಗೆ ನುಗ್ಗಿತು. ನೀರು ಮೇಲೆ ಬಂತು, ನಾತ ಎದ್ದಿತು. 'ನೋಡ್ರಿ, ಗಟಾರನ ಛಲೋ ಇತ್ತು' ಎಂದು ಅಡುಗೆಯವರು ಅಂದದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಎರಡು ಶನಿವಾರ ಕೂತು ಮೊದಲ ಅರ್ಧ ಮೀಟರಿನ ಜಲ್ಲಿಯನ್ನೆಲ್ಲ ಹೊರಗೆ ತೆಗೆದು, ತೊಳೆದು, ಮತ್ತೆ ತುಂಬಿದೆವು. ಹೊಲಸನ್ನು ಮುಟ್ಟುವ ಕೆಲಸ ಎಂದರೆ ಯಾರೋ ಒಂದು ಜಾತಿಯವರನ್ನು ಕರೆಸುವ ರೂಢಿ ನಮ್ಮ ಎಲ್ಲ ಸಮುದಾಯಗಳಲ್ಲೂ ಇದೆ, ನಮ್ಮದರಲ್ಲಿ ಇಲ್ಲ ಎಂದು ಹೇಳಿಕೊಳ್ಳುವುದು ಬೇಡ. ಆದ್ದರಿಂದ ಮೊದಲ ಬುಟ್ಟಿಯನ್ನು ಕೈಗವಸು ಹಾಕಿಕೊಂಡು ನಾನೇ ಎತ್ತಿದೆ.

ಮಸೀದಿಯ ವುಜೂ ನೀರಿನ ಬಗ್ಗೆ ಸಭೆಯ ನಂತರ ಅನೇಕರು ಕೇಳಿದರು. ನಮ್ಮ ಊರುಗಳ ಬಳಸಿದ ನೀರಿನಲ್ಲೆಲ್ಲ ಅದೇ ಅತ್ಯಂತ ಸ್ವಚ್ಛವಾದದ್ದು. ಸಾಬೂನಿಲ್ಲ, ಜಿಡ್ಡಿಲ್ಲ, ದಿನಕ್ಕೆ ಐದು ಹೊತ್ತು ತಪ್ಪದೆ ಬರುತ್ತದೆ. ಅದನ್ನು ಗಟಾರಕ್ಕೆ ಬಿಡುವುದು ಶುದ್ಧ ನಷ್ಟ. ಮರಳಿನ ಒಂದು ಸಣ್ಣ ಸೋಸು ತೊಟ್ಟಿ ದಾಟಿಸಿ ಅಂಗಳದ ಗಿಡಗಳಿಗೆ ಬಿಟ್ಟರೆ ಸಾಕು. ಒಂದು ಮುದ್ದ್, ಅಂದರೆ ಲೀಟರಿಗೂ ಕಡಿಮೆ ನೀರಿನಲ್ಲಿ ವುಜೂ ಮುಗಿಸಿದ ಮಾದರಿ ನಮ್ಮ ಮುಂದಿದ್ದರೂ ನಲ್ಲಿ ತೆರೆದಿಟ್ಟು ಮಾತನಾಡುವವರು ನಾವು, ಅದು ಬೇರೆ ಮಾತು. ಶುದ್ಧೀಕರಿಸಿದ ನೀರಿನ ಬಳಕೆ ಸರಿಯೇ ಎಂದು ಸಂಕೋಚಪಡುವ ಹಿರಿಯರು ಇದನ್ನು ತಿಳಿದಿರಲಿ: ಬಣ್ಣ, ರುಚಿ, ವಾಸನೆಯ ಕೆಡುಕು ಪೂರ್ತಿ ಹೋಗುವಂತೆ, ಆರೋಗ್ಯಕ್ಕೆ ಹಾನಿಯಾಗದಂತೆ ಶುದ್ಧಗೊಂಡ ನೀರು ಮತ್ತೆ ಶುದ್ಧವೇ ಎಂದು ಸೌದಿ ಅರೇಬಿಯಾದ ಹಿರಿಯ ಉಲಮಾ ಮಂಡಳಿ 1978ರಲ್ಲೇ ನಿರ್ಣಯ ಕೊಟ್ಟಿದೆ. ನಾವು ಕೇಳುತ್ತಿರುವುದು ಕುಡಿಯಲು ಅಲ್ಲ, ನುಗ್ಗೆ ಗಿಡಕ್ಕೆ.

ಮನೆಗಳಿಗೆ ಹಿತ್ತಲಿದ್ದರೆ ಸಣ್ಣ ಪಾತಿ ಆಗುತ್ತದೆ. ಹಿತ್ತಲಿಲ್ಲದ ಓಣಿಗಳಿಗೆ ಊರ ಕೊನೆಯಲ್ಲಿ ಹೊಂಡಗಳ ಸಾಲು ಬೇಕು. 2,000 ಜನರ ಹಳ್ಳಿಯಿಂದ ಮೇಲಿನ ಲೆಕ್ಕದಂತೆ ದಿನಕ್ಕೆ ಸುಮಾರು 70,000 ಲೀಟರ್ ಬರುತ್ತದೆ. ಗಟಾರದಲ್ಲಿ ಮಗುವಿನ ಬಟ್ಟೆ ತೊಳೆದದ್ದೂ ಸೇರಿರುವುದರಿಂದ ಹುಳುವಿನ ಮೊಟ್ಟೆ ತಳಕ್ಕೆ ಇಳಿಯಲು 8ರಿಂದ 10 ದಿನ ನೀರು ಒಂದರ ನಂತರ ಒಂದು ಹೊಂಡದಲ್ಲಿ ನಿಲ್ಲಬೇಕು. ಹತ್ತು ದಿನಕ್ಕೆ 7 ಲಕ್ಷ ಲೀಟರ್. ನಾಲ್ಕು ಅಡಿ ಆಳ ಹಿಡಿದರೆ ಆರು ಗುಂಟೆ ಜಾಗ, ಒಡ್ಡು ದಾರಿ ಸೇರಿ ಎಂಟು. ಕರೆಂಟು ಬೇಡ, ಯಂತ್ರ ಬೇಡ, ಬಿಸಿಲೇ ಕೆಲಸ ಮಾಡುತ್ತದೆ. ಇಂಗು ಗುಂಡಿಗೆ ಒಲ್ಲೆನೆಂದ ಎರೆ ಮಣ್ಣು ಇಲ್ಲಿ ನೀರು ಸೋರದಂತೆ ಹಿಡಿದು ಉಪಕಾರ ಮಾಡುತ್ತದೆ. ಅಂಚಿನ ಹುಲ್ಲು ಕೀಳದಿದ್ದರೆ ಮಾತ್ರ ಸೊಳ್ಳೆ ಬಂದೇ ಬರುತ್ತದೆ. ಬಿಸಿಲು, ಆಳವಿಲ್ಲದ ನೀರು ಇಷ್ಟರಿಂದಲೇ ಕೋಲ್ಕತ್ತದ ಪೂರ್ವದ ಜೌಗು ಪ್ರದೇಶದ ಮೀನುಗಾರರು ಮಹಾನಗರದ ಕೊಳಚೆಯಲ್ಲಿ ಮೀನು ಸಾಕಿಕೊಂಡು ಬಂದಿದ್ದಾರೆ. 12,500 ಹೆಕ್ಟೇರಿನ ಆ ಜಾಗ 2002ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ನಮಗೆ ಬೇಕಾದದ್ದು ಎಂಟು ಗುಂಟೆ. ಅಷ್ಟು ಗಾಯರಾಣ ಜಾಗ ಅನೇಕ ಊರುಗಳಲ್ಲಿದೆ. ತನ್ನ ಮನೆಯ ಹತ್ತಿರ ಮಾತ್ರ ಬೇಡ ಎನ್ನುವುದು ಎಲ್ಲರ ಮಾತು.

ಒಂದು ಎಚ್ಚರಿಕೆ. ಶೌಚಾಲಯದ ಗುಂಡಿಯ ಕೊಳವೆಯನ್ನು ರಾತ್ರೋರಾತ್ರಿ ಗಟಾರಕ್ಕೆ ಜೋಡಿಸುವವರಿದ್ದಾರೆ. ಒಂದು ಮನೆ ಹಾಗೆ ಮಾಡಿದರೂ ಕೆಳಗಿನ ಮನೆಗಳ ಬಚ್ಚಲ ನೀರೆಲ್ಲ ಮಲದ ನೀರಾಯಿತು. ಶಾಲೆಯ ಪಾತಿಯಂಥದ್ದು ಅದಕ್ಕೆ ಸಾಲದು. ಗುಂಡಿ ತುಂಬಿದರೆ ಟ್ಯಾಂಕರಿನಲ್ಲಿ ಎತ್ತಿಸಬೇಕು, ಆ ಟ್ಯಾಂಕರು ಹಳ್ಳಕ್ಕೆ ಸುರಿಯದೆ ಒಂದು ಘಟಕಕ್ಕೆ ಹೋಗಬೇಕು. ಬೆಂಗಳೂರು ಬಳಿಯ ದೇವನಹಳ್ಳಿಯಲ್ಲಿ 2015ರಲ್ಲಿ ಅಂಥ ಘಟಕ ಶುರುವಾಗಿ, ಕೆಸರನ್ನು ಒಣಗಿಸಿ ಗೊಬ್ಬರ ಮಾಡುವ ಕೆಲಸ ನಡೆಯಿತು. ಪ್ರತಿ ತಾಲೂಕಿಗೆ ಒಂದಾದರೂ ಬೇಕೆಂದು ಕೇಳುವ ಹಕ್ಕು ನಮಗಿದೆ.

ನಿಮ್ಮ ಅಂಗಳದ ಮಣ್ಣು ಯಾವ ಪೈಕಿ ಎಂದು ತಿಳಿಯಲು ಎಂಜಿನಿಯರ್ ಬೇಕಾಗಿಲ್ಲ. ಮೊಣಕೈ ಆಳದ ಕುಣಿ ತೋಡಿ, ರಾತ್ರಿ ನೀರು ತುಂಬಿ ಮಣ್ಣು ನೆನೆಯಲು ಬಿಡಿ. ಬೆಳಿಗ್ಗೆ ಮತ್ತೆ ತುಂಬಿ, ಒಂದು ಕಡ್ಡಿ ನೆಟ್ಟು ಗುರುತು ಮಾಡಿ, ಅರ್ಧ ಗಂಟೆ ಬಿಟ್ಟು ನೋಡಿ. ನೀರು ಎರಡು ಮೂರು ಬೆರಳು ಇಳಿದಿದ್ದರೆ ಇಂಗು ಗುಂಡಿ ತೋಡಬಹುದು. ಗುರುತಿನಲ್ಲೇ ನಿಂತಿದ್ದರೆ ಜಲ್ಲಿ ತರಿಸಿ. ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ಮೋಸ ಹೋಗಬೇಡಿ. ಬಿರಿದ ಎರೆಯಲ್ಲಿ ಮೊದಲ ಕೊಡ ಮಾಯವಾಗುತ್ತದೆ, ಎರಡನೆಯ ವಾರ ಉಕ್ಕುತ್ತದೆ.

ನಾನು ಆ ಶಾಲೆಯಿಂದ ವರ್ಗವಾಗಿ ಬಂದಿದ್ದೇನೆ. ಕಳೆದ ಬಾರಿ ಹೋದಾಗ ಜಿಡ್ಡಿನ ತೊಟ್ಟಿಯ ಪಕ್ಕದ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಶನಿವಾರಕ್ಕೆ ಇಬ್ಬರಂತೆ ಹೆಸರು, ಒಂದು ಸಾಲು ಕನ್ನಡದಲ್ಲಿ, ಒಂದು ಸಾಲು ಉರ್ದುವಿನಲ್ಲಿ. ದಸರಾ ರಜೆಯ ಎರಡು ಶನಿವಾರಗಳ ಮುಂದೆ ಶಾಲೆಯ ಪಕ್ಕದಲ್ಲೇ ಮನೆಯಿರುವ ಮಕ್ಕಳ ಹೆಸರಿದ್ದವು. ಉರ್ದು ಸಾಲಿನಲ್ಲಿ ಒಂದು ನುಕ್ತಾ ತಪ್ಪಿತ್ತು. ತಿದ್ದಿ ಬಂದೆ.